ಗೇಟಿನಿಂದ ಮೂರು ಮೈಲಿ

ಮಾರ್ಚ್ ೯, ಶನಿವಾರ

ಮನೆಯಿಂದ ಕಾನನ್ ಸೇತುವೆ, ಅಲ್ಲಿಂದ ವಾಪಸ್. ಐದು ಮೈಲಿ. ಹೋಗುವಾಗ ಇಪ್ಪತ್ತೊಂಬತ್ತು ನಿಮಿಷ. ಬರುವಾಗ ಎದುರುಗಾಳಿ, ನಲವತ್ತೊಂದು. ಪಕ್ಕದ ಮನೆಯ ಮಿಸೆಸ್ ಟುಲಕ್ ಕೊಟ್ಟ ಸೈಕಲ್ಲು, ಮುಂದೆ ಬುಟ್ಟಿ ಇರುವಂಥದ್ದು. ನಾನು ಕೊನೆಯ ಸಲ ಸೈಕಲ್ ತುಳಿದದ್ದು ಹತ್ತು ವರ್ಷದವನಿದ್ದಾಗ. ಈಗ ಅರವತ್ತಮೂರು. ಕೂರಲು ಆಗುತ್ತಿಲ್ಲ, ನಿಂತುಕೊಂಡೇ ಬರೆಯುತ್ತಿದ್ದೇನೆ.

ವೇಳೆ ಬರೆದಿಡುವುದಕ್ಕೆಂದೇ ಈ ಪುಸ್ತಕ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವನಿಗೆ ಅದೊಂದು ಬರವಣಿಗೆ ಗೊತ್ತು.

ನಾನು ಬೆನ್ ಕಾರಗ್ ಬೆಟ್ಟ ಹತ್ತಬೇಕು. ರಸ್ತೆ ಮುಗಿಯುವಲ್ಲಿ ಎಸ್ಟೇಟಿನವರು ಬೀಗ ಹಾಕಿದ ಗೇಟಿದೆ, ಕಾರು ಅಲ್ಲಿಗೇ ನಿಲ್ಲಬೇಕು. ಅಲ್ಲಿಂದ ಒಂಬತ್ತು ಮೈಲಿ ಕಲ್ಲುದಾರಿ, ಅದು ಸೈಕಲ್ಲಿಗೆ. ದಾರಿ ಮುಗಿದ ಮೇಲೆ ನಾಲ್ಕು ಮೈಲಿ ನಡಿಗೆ, ಬರೀ ಏರು. ನನ್ನ ಹೆಂಡತಿ ಇಶ್‌ಬೆಲ್ ಅಕ್ಟೋಬರ್ ಏಳರ ಬೆಳಿಗ್ಗೆ ಎಂಟೂಕಾಲಿಗೆ ಗೇಟು ದಾಟಿ ಹೋದಳು. ಸಂಜೆ ಆರಕ್ಕೆ ಬರುತ್ತೇನೆ ಎಂದಳು. ಒಂಬತ್ತೂಮುಕ್ಕಾಲು ಗಂಟೆಯಲ್ಲಿ ಹೋಗಿಬರುವುದು ಸಾಧ್ಯವೋ ಇಲ್ಲವೋ ನನಗೆ ತಿಳಿಯಬೇಕು. ಸಾಧ್ಯವಿಲ್ಲದಿದ್ದರೆ ಆರು ಎಂದು ಹೇಳಿದ್ದು ಅವಳ ತಪ್ಪು. ಅಷ್ಟೇ.

ಮಾರ್ಚ್ ೧೨, ಮಂಗಳವಾರ

ಬುಟ್ಟಿಯ ಸೈಕಲ್ಲು ಕಲ್ಲುದಾರಿಗೆ ನಡೆಯುವುದಿಲ್ಲ. ಹಾಗಾಗಿ ಫಾರ್ಕರ್‌ನ ಮನೆಗೆ ಹೋದೆ. ಹೆಂಡತಿಯ ತಮ್ಮ. ಸ್ಟೇಷನ್ನಿನ ಹಿಂದೆ ಅವನದು ಸೈಕಲ್ ರಿಪೇರಿ ಶೆಡ್ಡು. ಶೆಡ್ಡಿನ ಬಾಗಿಲು ಅಕ್ಟೋಬರಿನಿಂದ ತೆರೆದಿಲ್ಲ, ಬೋರ್ಡನ್ನು ಒಳಗೆ ತಿರುಗಿಸಿಟ್ಟಿದ್ದಾನೆ. ಹನ್ನೊಂದು ಗಂಟೆಯಾಗಿದ್ದರೂ ರಾತ್ರಿ ಬಟ್ಟೆಯಲ್ಲೇ ಅಡುಗೆಮನೆಯಲ್ಲಿ ಕೂತಿದ್ದ.

"ಒಂದು ಸೈಕಲ್ ಬೇಕಿತ್ತು," ಎಂದೆ.

"ಯಾರಿಗೆ?"

"ನನಗೆ."

"ಹಾಗಾದ್ರೆ ಸುದ್ದಿ ನಿಜ! ಮಿಸೆಸ್ ಟುಲಕ್ ಸೈಕಲ್ ಮೇಲೆ ನಿನ್ನ ಮೆರವಣಿಗೆ ನೋಡಿದ್ದೀವಿ ಅಂತ ಊರೆಲ್ಲ ಮಾತಾಡ್ತಿದೆ. ಬುಟ್ಟೀಲಿ ಮೊಟ್ಟೆ ಇತ್ತಂತೆ?"

"ಮೊಟ್ಟೆ ಇರ್ಲಿಲ್ಲ."

"ಅಲ್ವೋ ಅಲಿಕ್, ಹಾಲು ತರೋಕೂ ಕಾರಲ್ಲಿ ಹೋಗೋನು ನೀನು. ಏನಾಯ್ತೋ ನಿನಗೆ?"

ಅವಳ ಬೆಟ್ಟ ಹತ್ತಬೇಕು ಎಂದೆ. ಅವನ ಮುಖದ ನಗು ಹೋಯಿತು. ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದ.

"ಶೆಡ್ಡಲ್ಲಿ ನನ್ನವೇ ಮೂರಿವೆ. ನೀಲಿದು ನಿನ್ನ ಎತ್ತರಕ್ಕೆ ಸರಿಹೋಗುತ್ತೆ. ಬ್ರೇಕ್ ಮಾತ್ರ ಬೇರೆ ಯಾರ ಕೈಲಾದ್ರೂ ನೋಡಿಸ್ಕೋ. ನಾನು ಮುಟ್ಟಲ್ಲ."

ಅವಳು ಹೋಗುವ ಎರಡು ದಿನ ಮೊದಲು ಅವಳ ಸೈಕಲ್ಲಿಗೆ ಹೊಸ ಬ್ರೇಕು ಹಾಕಿಕೊಟ್ಟವನು ಇವನು. ಬ್ರೇಕಿನಲ್ಲಿ ದೋಷವಿರಲಿಲ್ಲ ಎಂದು ಪೊಲೀಸರು ಬರೆದುಕೊಟ್ಟಿದ್ದಾರೆ. ಇವನು ನಂಬುವುದಿಲ್ಲ. "ಹೊಸದು ಜಾಸ್ತಿ ಹಿಡೀತು ಕಣೋ. ಇಳಿಜಾರಲ್ಲಿ ಮುಂದಿನ ಚಕ್ರ ಗಪ್ ಅಂತ ನಿಂತುಬಿಡ್ತು. ಎಗರಿ ಬಿದ್ಲು. ನಾನೇ ಬಿಗಿ ಮಾಡಿದ್ದು, ನನಗೆ ಗೊತ್ತಿಲ್ವಾ?" ಐದು ತಿಂಗಳಿಂದ ಇದೇ ಮಾತು. ಅಂದಿನಿಂದ ಅವನು ಒಂದು ಸ್ಪ್ಯಾನರ್ ಕೈಗೆತ್ತಿಕೊಂಡಿಲ್ಲ.

ನೀಲಿ ಸೈಕಲ್ಲು ತಳ್ಳಿಕೊಂಡು ಬಂದೆ.

ಮಾರ್ಚ್ ೨೪, ಭಾನುವಾರ

ಮಳೆ. ಹೊರಗೆ ಹೋಗಲಿಲ್ಲ.

ಇದನ್ನು ಬರೆದುಬಿಡುತ್ತೇನೆ. ಈ ಪುಸ್ತಕ ಯಾರೂ ಓದುವುದಿಲ್ಲ.

ಇಲ್ಲಿ ಬೆಟ್ಟಕ್ಕೆ ಹೋಗುವವರು ಹಿಂದೆ ಉಳಿಯುವವರ ಕೈಗೆ ಒಂದು ಚೀಟಿ ಕೊಟ್ಟು ಹೋಗುತ್ತಾರೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್, ಎಷ್ಟು ಹೊತ್ತಾದರೂ ಬರದಿದ್ದರೆ ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕು. ಹದಿನಾಲ್ಕು ವರ್ಷ ಅವಳ ಚೀಟಿ ಹಿಡಿದುಕೊಂಡು ಕಾರಿನಲ್ಲಿ ಕೂತಿದ್ದೇನೆ. ಮೂರು ಸಾವಿರ ಅಡಿ ದಾಟಿದ ಬೆಟ್ಟಗಳ ಪಟ್ಟಿಯಲ್ಲಿ ಅವಳು ನೂರಾ ತೊಂಬತ್ತು ಮುಗಿಸಿದ್ದಳು. ಅಷ್ಟೂ ಸಲ ತಡ. ಹಾಗಾಗಿ ನನ್ನದೊಂದು ಲೆಕ್ಕವಿತ್ತು: ಅವಳ ಚೀಟಿಗೆ ಎರಡು ಗಂಟೆ ಸೇರಿಸುವುದು. ನಾನೊಬ್ಬನೇ ಅಲ್ಲ. ಬೆಟ್ಟದ ಕೆಳಗೆ ಫ್ಲಾಸ್ಕ್ ಹಿಡಿದು ಕಾಯುವ ಗಂಡಂದಿರು ಹೆಂಡತಿಯರು ಎಲ್ಲರೂ ಇದನ್ನೇ ಮಾಡುತ್ತಾರೆ. "ನಮ್ಮವನದು ಒಂದೂವರೆ ಗಂಟೆ, ನಿಮ್ಮವರದು?" ಎಂದು ಕಾರಿನ ಕಿಟಕಿಯಿಂದ ಕಿಟಕಿಗೆ ತಮಾಷೆ ಮಾಡಿಕೊಳ್ಳುತ್ತೇವೆ.

ಆ ದಿನದ ಚೀಟಿಯಲ್ಲಿ ಇದ್ದದ್ದು: ಆರಕ್ಕೆ ವಾಪಸ್, ಎಂಟಕ್ಕೆ ಫೋನ್.

ಬೆಳಿಗ್ಗೆ ಗೇಟಿನ ಹತ್ತಿರ ಜಗಳವಾಡಿದೆ. "ಆರು ಅಂದ್ರೆ ಆರು. ಒಂದು ನಿಮಿಷ ತಡವಾದ್ರೂ ನಾನು ಊಟಕ್ಕೆ ಹೋಗ್ತೀನಿ, ನೀನು ನಡ್ಕೊಂಡು ಬಾ ಮನೆಗೆ," ಎಂದೆ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ, "ಆಗ್ಲಿ ಬಸ್ ಡ್ರೈವರೇ, ಆರಕ್ಕೇ ಇಲ್ಲಿರ್ತೀನಿ," ಎಂದಳು.

ಆರು ಆಯಿತು. ಬರಲಿಲ್ಲ. ಆರೂ ಐದಕ್ಕೆ ಕಾರು ತಿರುಗಿಸಿಕೊಂಡು ಏಳು ಮೈಲಿ ದೂರದ ಹೋಟೆಲಿಗೆ ಹೋದೆ. ಊಟ ಮಾಡಿದೆ. ಟಿವಿಯಲ್ಲಿ ಫುಟ್‌ಬಾಲ್ ಇತ್ತು, ಮುಗಿಯುವವರೆಗೂ ನೋಡಿದೆ. ಎಂಟು ಗಂಟೆ ಆದದ್ದನ್ನೂ ನೋಡಿದೆ. ಎಂಟು ಎಂದರೆ ಹತ್ತು ಎಂದುಕೊಂಡೆ. ಒಂಬತ್ತೂವರೆಗೆ ಗೇಟಿಗೆ ಬಂದರೆ ಅವಳಿಲ್ಲ. ಅಲ್ಲಿ ಫೋನ್ ಸಿಗುವುದಿಲ್ಲ. ಮತ್ತೆ ಹೋಟೆಲಿಗೆ ಹೋಗಿ ಹತ್ತೂ ಹತ್ತಕ್ಕೆ ಫೋನ್ ಮಾಡಿದೆ. ಹನ್ನೆರಡೂ ಇಪ್ಪತ್ತಕ್ಕೆ ಅವಳು ಸಿಕ್ಕಳು, ದಾರಿಯ ಒಂದು ತಿರುವಿನ ಕೆಳಗೆ, ತೊರೆಯ ಅಂಚಿನಲ್ಲಿ. ತೊಡೆಯ ಮೂಳೆ ಮುರಿದಿತ್ತು. ಚಳಿಯಿಂದ ಸತ್ತದ್ದು ಎಂದರು. ಸಹಾಯಕ್ಕೆ ಊದುವ ಸೀಟಿ ಅವಳ ಕೈಗವಸಿನೊಳಗೆ ಇತ್ತು. ಗೇಟಿಗೆ ತಂದ ಮೇಲೂ ತಂಡದ ಡಾಕ್ಟರು ಬಹಳ ಹೊತ್ತು ಪ್ರಯತ್ನಪಟ್ಟ. ಆಮೇಲೆ ಜೊತೆಯವನಿಗೆ ಮೆಲ್ಲಗೆ, "ಈಗ ಹೋಗಿರೋದು ಇವ್ರು, ಜಾಸ್ತಿ ಹೊತ್ತಾಗಿಲ್ಲ," ಎಂದ. ನನಗೆ ಕೇಳಿಸಿತೆಂದು ಅವನಿಗೆ ಗೊತ್ತಿಲ್ಲ.

ಚೀಟಿಯಲ್ಲಿ ಹತ್ತು ಗಂಟೆ ಎಂದಿತ್ತು ಅಂತ ಪೊಲೀಸರಿಗೆ ಹೇಳಿದೆ. ಅಲ್ಲಿಯವರೆಗೆ ಗೇಟಿನ ಹತ್ತಿರವೇ ಕಾರಿನಲ್ಲಿದ್ದೆ ಎಂದೂ ಹೇಳಿದೆ. ಚೀಟಿ ಎಲ್ಲಿ ಎಂದು ಆ ಪೊಲೀಸ್ ಹೆಣ್ಣುಮಗಳು ಕೇಳಿದಳು. ಗಾಳಿಗೆ ಹಾರಿಹೋಯಿತು ಎಂದೆ. ಫೋನ್ ಮಾಡಿದ ಮೇಲೆ ಹೋಟೆಲಿನ ಒಲೆಗೆ ಹಾಕಿದ್ದೆ. ಅವಳು ಬರೆದುಕೊಂಡಳು. ನನ್ನ ಭುಜ ಮುಟ್ಟಿ, "ನಿಮ್ಮ ತಪ್ಪೇನಿಲ್ಲ, ಮಿಸ್ಟರ್ ಮೆಕ್‌ರೇ," ಎಂದಳು.

ಏಪ್ರಿಲ್ ೬, ಶನಿವಾರ

ಸ್ಟ್ರಾತ್‌ಪೆಫರ್ ದಾಟಿ ಗುಡ್ಡದ ಮೇಲಿನ ಅರಣ್ಯದ ದಾರಿ, ಹನ್ನೆರಡು ಮೈಲಿ, ಒಂದು ಗಂಟೆ ಐವತ್ತಾರು ನಿಮಿಷ. ಎರಡು ಸಲ ಇಳಿದು ತಳ್ಳಿದೆ. ಒಂದು ಸಲ ಬಿದ್ದೆ. ಮೊಣಕೈ ತರಚಿದೆ.

ವಾಪಸ್ ಬರುವಾಗ ಫಾರ್ಕರ್ ಮನೆ ಮುಂದೆ ಕಸದ ಡಬ್ಬಿ ಎಳೆಯುತ್ತಿದ್ದ. ದೂರದಿಂದಲೇ ಕೂಗಿದ. "ಸೀಟು ಎತ್ತರ ಮಾಡ್ಕೊಳೋ! ಮೊಣಕಾಲು ಕಿವಿಗೆ ತಾಗ್ತಿದೆ!"

"ನೀನೇ ಮಾಡಿಕೊಡು."

"ಆರನೇ ನಂಬರ್ ಸ್ಪ್ಯಾನರ್ ಶೆಡ್ಡಲ್ಲಿದೆ, ಎಡಗಡೆ ಗೋಡೆ. ತಗೊಂಡು ನೀನೇ ಮಾಡ್ಕೋ."

ಹೇಗೆ ಮಾಡಬೇಕೆಂದು ಹೊರಗೆ ನಿಂತು ಬಾಯಲ್ಲಿ ಹೇಳಿದ. ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ, ಚಳಿಗೆ ಮಾಡಿಕೊಳ್ಳುವ ಹಾಗೆ. ಚಳಿ ಅಷ್ಟಿರಲಿಲ್ಲ. ಅವನ ಬಾಯಲ್ಲಿ ಹೆಂಡದ ವಾಸನೆ ಇತ್ತು. ರಿಪೇರಿಗೆ ಕೊಟ್ಟ ಊರಿನವರ ಸೈಕಲ್ಲುಗಳೆಲ್ಲ ಶೆಡ್ಡಿನಲ್ಲೇ ಧೂಳು ಹಿಡಿದು ಸಾಲಾಗಿ ನಿಂತಿವೆ. ಬೇರೆ ಕಡೆ ಒಯ್ಯಲು ಜನಕ್ಕೆ ಮುಜುಗರ.

ಏಪ್ರಿಲ್ ೨೦, ಶನಿವಾರ

ಒಬ್ಬನೇ ಹೋದೆ. ಗೇಟು ಬಿಟ್ಟದ್ದು ಏಳೂ ಹತ್ತಕ್ಕೆ. ಅವಳು ಬಿದ್ದ ತಿರುವು ಏಳೂ ಮೂವತ್ತಾರಕ್ಕೆ.

ಇಪ್ಪತ್ತಾರು ನಿಮಿಷ.

ಗೇಟಿನಿಂದ ಮೂರು ಮೈಲಿ ಎಂದು ಅವರು ಆಗಲೇ ಹೇಳಿದ್ದರು. ನನ್ನ ತಲೆಯಲ್ಲಿ ಅವಳು ಎಲ್ಲೋ ದೂರದಲ್ಲಿ, ಬೆಟ್ಟದಲ್ಲಿ ಬಿದ್ದಿದ್ದಳು. ಮುಂದೆ ಹೋಗಲು ಆಗಲಿಲ್ಲ. ವಾಪಸ್ ಇಳಿಜಾರು, ಹದಿನೈದು ನಿಮಿಷ.

ಏಪ್ರಿಲ್ ೨೧, ಭಾನುವಾರ

ನಡೆದು ಹೋಗಿದ್ದರೂ ಒಂದು ಗಂಟೆ.

ಮೇ ೪, ಶನಿವಾರ

ಎರಡು ವಾರ ಸೈಕಲ್ ಮುಟ್ಟಲಿಲ್ಲ. ಇವತ್ತು ಮತ್ತೆ ಹೋದೆ. ತಿರುವನ್ನು ನೋಡದೆ ದಾಟಿದೆ. ದಾರಿಯ ಕೊನೆಗೆ, ಹೆಂಚು ಹಾರಿಹೋದ ಕುರುಬರ ಮನೆಯವರೆಗೂ ಮುಟ್ಟಿದೆ, ಎರಡು ಗಂಟೆ ನಾಲ್ಕು ನಿಮಿಷ. ಅದರ ಮುಂದೆ ಹೊಳೆ. ಬೆಟ್ಟದ ಮೇಲಿನ ಹಿಮ ಕರಗಿ ನೀರು ತುಂಬಿ ಬರುತ್ತಿತ್ತು. ಹತ್ತು ಹೆಜ್ಜೆ ಇಟ್ಟೆ, ಸೊಂಟದವರೆಗೆ ಬಂತು, ಹಿಂದೆ ಬಂದೆ.

ಮೈಯೆಲ್ಲ ನಡುಗುತ್ತಿತ್ತು. ಬಿಸಿ ಏನಾದರೂ ಕುಡಿಯಬೇಕೆಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ನಿಲ್ಲಿಸಬಾರದಿತ್ತು. ಹೋಟೆಲಿನ ಒಡತಿ ರೋನಾ ಬಾರ್ಲಿ ಸೂಪ್ ತಂದಿಟ್ಟು ಎದುರಿಗೇ ಕೂತಳು.

"ನೀವು ಬರ್ತೀರಿ ಅಂತ ನನಗೆ ಗೊತ್ತಿತ್ತು. ಆವತ್ತು ಇದೇ ಕುರ್ಚೀಲಿ ಅಲ್ವಾ ಕೂತಿದ್ದು. ನಾನು ನಮ್ಮ ಮನೆಯವರಿಗೆ ಹೇಳ್ತಾನೇ ಇರ್ತೀನಿ, ಪಾಪ, ಆ ಮನುಷ್ಯ ಎಷ್ಟು ಸಲ ಗಡಿಯಾರ ನೋಡ್ದ ಅಂತ. ಹೆಂಡ್ತಿ ಮೇಲೆ ಅಷ್ಟು ಜೀವ."

ನಾನು ನೋಡುತ್ತಿದ್ದದ್ದು ಆಟ ಮುಗಿಯಲು ಎಷ್ಟು ನಿಮಿಷ ಉಳಿದಿದೆ ಎಂದು.

"ಅವರ ತಮ್ಮ ಸೈಕಲ್ ಅಂಗಡಿಯವರಂತಲ್ಲ? ಅವರೂ ಈ ಕಡೆ ಬಂದ್ರೆ ಕರ್ಕೊಂಡು ಬನ್ನಿ. ನೀವು ಇಲ್ಲಿ ಕೂತು ಎಷ್ಟು ಕಾದ್ರಿ ಅಂತ ನಾನೇ ಅವರಿಗೆ ಹೇಳ್ತೀನಿ."

ಸೂಪ್ ಪೂರ್ತಿ ಕುಡಿದೆ. ಇನ್ನೂ ಬೇಕಾ ಎಂದಳು. ಬೇಡ ಎಂದೆ.

ಮೇ ೧೭, ಶುಕ್ರವಾರ

ಫಾರ್ಕರ್ ಬಾಗಿಲು ತಟ್ಟಿದ. ಗಡ್ಡ ಬೋಳಿಸಿದ್ದ.

"ಆ ಹೊಳೆ ಒಬ್ಬನೇ ದಾಟಬೇಡ. ನಾನೂ ಬರ್ತೀನಿ, ಮುಂದಿನ ಶನಿವಾರ."

"ನೀನು ಸೈಕಲ್ ಹತ್ತಲ್ಲ ಅಂದಿದ್ದೆ."

"ಹತ್ತಲ್ಲ ಅಂದಿಲ್ಲ. ರಿಪೇರಿ ಮಾಡಲ್ಲ ಅಂದಿದ್ದು. ಅವಳು ಬಿದ್ದ ಜಾಗ ನಾನು ನೋಡಬೇಕು ಅಲಿಕ್. ಚಕ್ರ ಎಲ್ಲಿ ನಿಲ್ತು ಅಂತ ನೋಡಬೇಕು. ನೋಡಿದ್ರೆ ಒಂದು ಸಮಾಧಾನ."

ಸಮಾಧಾನ ಆಗುವುದಿಲ್ಲ ಎಂದು ಹೇಳಬೇಕೆನಿಸಿತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಸರಿ ಎಂದೆ. ಅಕ್ಟೋಬರಿನಿಂದ ನನ್ನ ಮನೆಗೆ ಬರುವವನು ಇವನೊಬ್ಬನೇ. ಇವನೂ ಇಲ್ಲದಿದ್ದರೆ ಮಾತಾಡಲು ಮಿಸೆಸ್ ಟುಲಕ್‌ಳ ಬೆಕ್ಕು.

ಮೇ ೨೬, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ.

ಗೇಟು ಬಿಟ್ಟದ್ದು ಆರೂವರೆಗೆ. ಮೋಡ ಕೆಳಗೆ ಇಳಿದಿತ್ತು, ಗಾಳಿ ಇಲ್ಲ, ನುಸಿ ಕಣ್ಣು ಬಾಯಿಗೆಲ್ಲ ಹೋಗುತ್ತಿತ್ತು. ಹೋಗುವಾಗ ತಿರುವಿನ ದಾರಿ ಏರು. ಫಾರ್ಕರ್ ಇಳಿದು, ಸೈಕಲ್ಲು ಮಲಗಿಸಿ, ಮಂಡಿಯೂರಿ ಕಲ್ಲುಗಳನ್ನು ಒಂದೊಂದಾಗಿ ನೋಡಿದ. ಎಂಟು ತಿಂಗಳ ಮಳೆ, ಎಸ್ಟೇಟಿನ ಜೀಪುಗಳು. ಅಲ್ಲಿ ಏನು ಉಳಿದಿರುತ್ತದೆ? ಅವನು ಎದ್ದು, "ಇಲ್ಲೇ," ಎಂದ. ನಾನು ನೋಡಿದರೆ ಬರೀ ಜಲ್ಲಿ.

ಎಂಟೂ ನಲವತ್ತಕ್ಕೆ ದಾರಿ ಮುಗಿಯಿತು. ಸೈಕಲ್ಲುಗಳನ್ನು ಹೀದರ್ ಪೊದೆಯಲ್ಲಿ ಮಲಗಿಸಿದೆವು. ಹೊಳೆ ಇಳಿದಿತ್ತು.

"ಬೂಟು ಕತ್ತಿಗೆ ಹಾಕ್ಕೋ. ಪ್ಯಾಂಟ್ ಬಿಚ್ಚು," ಎಂದ ಫಾರ್ಕರ್. "ನಾಚ್ಕೋಬೇಡ, ಜಿಂಕೆ ಬಿಟ್ರೆ ಯಾರೂ ನೋಡಲ್ಲ. ನಿನ್ನ ಕಾಲು ನೋಡಿದ್ರೆ ಅವೂ ಓಡ್ತಾವೆ."

ಕೈ ಕೈ ಹಿಡಿದು ದಾಟಿದೆವು. ಮಧ್ಯದಲ್ಲಿ ನನ್ನ ಕಾಲು ಜಾರಿತು. ಅವನು ಬಿಡಲಿಲ್ಲ.

ಮೊದಲು ಜೌಗು, ಮೊಣಕಾಲಿನವರೆಗೆ ಕಪ್ಪು ಕೆಸರು. ಆಮೇಲೆ ಹುಲ್ಲಿನ ಏರು. ಆಮೇಲೆ ಬರೀ ಕಲ್ಲು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಫಾರ್ಕರ್ ಏದುಸಿರು ಬಿಡುತ್ತಾ, "ಇದನ್ನ ಅವಳು ಖುಷಿಗೆ ಅಂತ ಮಾಡ್ತಿದ್ಲಾ?" ಎಂದ. ಹದಿನಾಲ್ಕು ವರ್ಷದಲ್ಲಿ ನಾನು ಅದನ್ನು ಅವಳಿಗೆ ಒಂದು ಸಲವೂ ಕೇಳಿರಲಿಲ್ಲ. ಹೇಗಿತ್ತು ಎಂದು ಕೇಳುವುದನ್ನು ಬಿಟ್ಟು, ಎಷ್ಟು ಹೊತ್ತು ಎಂದು ಕೇಳುತ್ತಿದ್ದೆ.

ತುದಿ ಮುಟ್ಟಿದ್ದು ಹನ್ನೆರಡೂ ಹತ್ತಕ್ಕೆ. ಒಂದು ಕಲ್ಲುಗುಪ್ಪೆ, ಸುತ್ತ ಬಿಳಿ ಮಂಜು, ಬೇರೆ ಏನೂ ಕಾಣದು. ಓಟ್ಸ್ ಬಿಸ್ಕತ್ತು, ಚೀಸು ತಿಂದೆವು. ಆ ದಿನ ಅವಳು ಇಲ್ಲಿಂದ ಕಳಿಸಿದ್ದ ಕೊನೆಯ ಚಿತ್ರವನ್ನು ಫಾರ್ಕರ್ ತನ್ನ ಫೋನಿನಲ್ಲಿ ತೋರಿಸಿದ. ಅದೇ ಕಲ್ಲುಗುಪ್ಪೆ, ಅದೇ ಮಂಜು, ಅವಳ ಮುಖ. ಒಂದೂ ನಲವತ್ತರದ್ದು.

"ನಗ್ತಿದ್ದಾಳೆ ನೋಡು," ಎಂದ. ಆಮೇಲೆ, "ಅವಳ ಪುಸ್ತಕದಲ್ಲಿ ಈ ಬೆಟ್ಟಕ್ಕೆ ಗುರುತು ಹಾಕಿದ್ಯಾ?"

"ಇಲ್ಲ. ಮನೆಗೆ ಬಂದು ಸೇರಿದ ಮೇಲೆ ತಾನೆ ಗುರುತು ಹಾಕೋದು?"

ಅವನು ಫೋನ್ ಜೇಬಿಗಿಟ್ಟ.

ಹನ್ನೆರಡೂವರೆಗೆ ಇಳಿಯಲು ಶುರು ಮಾಡಿದೆವು. ನಾಲ್ಕೂಕಾಲಿಗೆ ತಿರುವಿನ ಮೇಲ್ಭಾಗಕ್ಕೆ ಬಂದೆವು. ಮೂರೂಮುಕ್ಕಾಲು ಗಂಟೆ. ಬಸ್ಸಿನವನ ತಲೆ, ಕೂಡುವುದನ್ನು ಬಿಡುವುದಿಲ್ಲ. ಒಂದೂ ನಲವತ್ತಕ್ಕೆ ಚಿತ್ರ. ಹತ್ತು ನಿಮಿಷ ಕೂತಳು ಎಂದುಕೊಂಡರೂ ಐದೂ ಮೂವತ್ತೈದಕ್ಕೆ ಇಲ್ಲಿರಬೇಕು. ನಾವು ಎರಡು ಮುದಿ ಕತ್ತೆಗಳು, ಅವಳು ನಮಗಿಂತ ಚುರುಕು. ಇಲ್ಲಿಂದ ಗೇಟಿಗೆ ಹದಿನೈದು ನಿಮಿಷ. ಆರಕ್ಕೆ ಹತ್ತು ನಿಮಿಷ ಇರುವಾಗ ಅವಳು ನನ್ನ ಮುಂದೆ ಬಂದು ನಿಲ್ಲುತ್ತಿದ್ದಳು.

ಕತ್ತಲಲ್ಲಿ ದೀಪವಿಲ್ಲದೆ ಬರುತ್ತಾ ಬಿದ್ದಳು ಎಂದು ಎಲ್ಲರೂ ಹೇಳಿದ್ದರು. ಯಾಕೆಂದರೆ ದೀಪ ಚೀಲದಲ್ಲೇ ಇತ್ತು. ಅವಳು ಮಬ್ಬಾಗುವ ಮೊದಲೇ ದೀಪ ಹಚ್ಚುವವಳು. ದೀಪ ಚೀಲದಲ್ಲಿತ್ತು, ಯಾಕೆಂದರೆ ಇನ್ನೂ ಬೆಳಕಿತ್ತು. ಆ ದಿನ ಅವಳಿಗೆ ತಡವಾಗಿರಲಿಲ್ಲ. ನಾನು ಕಾರಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಾಗಲೇ ಅವಳು ಇಲ್ಲಿ ಬಿದ್ದಿದ್ದಳು. ಆರೂಮುಕ್ಕಾಲು ಗಂಟೆ ಬಿದ್ದಿದ್ದಳು.

ಫಾರ್ಕರ್ ಸೈಕಲ್ ಇಳಿದು ತಳ್ಳಿಕೊಂಡು ಹೊರಟಿದ್ದ. ಆ ಇಳಿಜಾರಿನಲ್ಲಿ ಬ್ರೇಕು ಹಿಡಿಯಲು ಅವನಿಗೆ ಕೈ ಬರಲಿಲ್ಲ.

"ಫಾರ್ಕರ್, ಬ್ರೇಕ್ ಅಲ್ಲ," ಎಂದೆ.

"ಮತ್ತೆ ಶುರು ಮಾಡಬೇಡ."

"ಬ್ರೇಕ್ ಸರಿಯಾಗಿತ್ತು. ಅವಳು ಜೋರಾಗಿ ಬರ್ತಿದ್ಲು. ಆರಕ್ಕೆ ಬರದಿದ್ರೆ ಬಿಟ್ಟು ಹೋಗ್ತೀನಿ ಅಂತ ನಾನು ಹೇಳಿದ್ದೆ. ಅದಕ್ಕೆ ಜೋರಾಗಿ ಬರ್ತಿದ್ಲು. ಐದೂವರೆಗೆ ಬಿದ್ದಿದ್ದಾಳೆ."

ಅವನು ನಿಂತ. ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಎಲ್ಲ ಹೇಳಿದೆ. ಎರಡು ಗಂಟೆ ಸೇರಿಸುವ ಲೆಕ್ಕ, ಹೋಟೆಲು, ಫುಟ್‌ಬಾಲು, ಎಂಟು ಎಂದು ಬರೆದಿದ್ದ ಚೀಟಿ, ಒಲೆ, ಪೊಲೀಸರಿಗೆ ಹೇಳಿದ ಸುಳ್ಳು. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವನು ನನ್ನ ಕಡೆ ನೋಡದೆ ತೊರೆಯ ಕಡೆ ನೋಡುತ್ತಿದ್ದ. ನುಸಿ ಅವನ ಮುಖದ ಮೇಲೆಲ್ಲ ಕೂತಿತ್ತು, ಒರೆಸಿಕೊಳ್ಳಲಿಲ್ಲ.

ಕೊನೆಗೆ ಕೇಳಿದ. "ಊಟಕ್ಕೆ ಏನ್ ತಿಂದೆ?"

"ಏನು?"

"ಆವತ್ತು. ಹೋಟೆಲಲ್ಲಿ. ಏನ್ ತಿಂದೆ?"

"ಜಿಂಕೆ ಮಾಂಸದ ಪೈ."

"ಚೆನ್ನಾಗಿತ್ತಾ?"

ಇಲ್ಲ ಎನ್ನಬಹುದಿತ್ತು. "ಚೆನ್ನಾಗಿತ್ತು," ಎಂದೆ.

ಅವನು ತಲೆಯಾಡಿಸಿದ. ಸೈಕಲ್ ಹತ್ತಿ, ಆ ಇಳಿಜಾರಿನಲ್ಲಿ ಒಂದು ಸಲವೂ ನಿಲ್ಲದೆ ಹೋದ. ತಿರುವಿನಲ್ಲಿ ಬ್ರೇಕಿನ ಶಬ್ದ ಬಂತು, ಮತ್ತೆ ಚಕ್ರದ ಶಬ್ದ.

ನಾನು ಗೇಟಿಗೆ ಬರುವಷ್ಟರಲ್ಲಿ ಅವನು ರಸ್ತೆಗೆ ಇಳಿದಾಗಿತ್ತು. ನಮ್ಮೂರು ಡಿಂಗ್ವಾಲಿಗೆ ಮೂವತ್ತೆಂಟು ಮೈಲಿ. ಕಾರಿನಲ್ಲಿ ಹಿಂದೆ ಹೋಗಿ ಕಿಟಕಿ ಇಳಿಸಿ ಹತ್ತು ಎಂದೆ. ಕೇಳಿಸದವನ ಹಾಗೆ ತುಳಿಯುತ್ತಿದ್ದ. ನಿಧಾನವಾಗಿ ಹಿಂದೆ ಹಿಂದೆಯೇ ಹೋದೆ. ಒಂದು ಮೈಲಿ ಆದ ಮೇಲೆ ಅವನು ಇಳಿದು, ರಸ್ತೆ ಬದಿಯ ಕಲ್ಲೊಂದನ್ನು ಎತ್ತಿ ಬೀಸಿದ. ಮುಂದಿನ ಗಾಜು ಬಿರುಕುಬಿಟ್ಟಿತು.

"ಕಾಯೋದು ಈಗ ಕಲ್ತೆಯೇನೋ?" ಎಂದು ಕೂಗಿದ. "ಹೋಗೋ! ಹೋಗು!"

ಹೋದೆ.

ಜೂನ್ ೩, ಸೋಮವಾರ

ಪೊಲೀಸ್ ಠಾಣೆಗೆ ಹೋದೆ. ಅದೇ ಹೆಣ್ಣುಮಗಳು ಇದ್ದಳು. ಎಲ್ಲ ಹೇಳಿದೆ. ಅವಳು ಬರೆದುಕೊಂಡಳು, ಓದಿ ಹೇಳಿದಳು, ನಾನು ಸಹಿ ಹಾಕಿದೆ.

"ಈಗ ಯಾಕೆ ಹೇಳ್ತಿದ್ದೀರಿ, ಮಿಸ್ಟರ್ ಮೆಕ್‌ರೇ? ನಿಮ್ಮನ್ನ ಯಾರೂ ಮತ್ತೆ ಕೇಳಿರ್ಲಿಲ್ಲ."

"ಅವಳ ತಮ್ಮ ನನ್ನ ಮಾತು ನಂಬದೆ ಇರಬಹುದು. ನಿಮ್ಮ ಕಾಗದದಲ್ಲಿದ್ರೆ ನಂಬ್ತಾನೆ. ಬ್ರೇಕಿಂದ ಅಲ್ಲ ಅಂತ ಅದರಲ್ಲಿ ಬರೀರಿ."

"ಬ್ರೇಕಿನ ವಿಷಯ ನಾವು ಆಗ್ಲೇ ಬರೆದುಕೊಟ್ಟಿದ್ದೀವಲ್ಲ."

"ಇನ್ನೊಂದು ಸಲ ಬರೀರಿ."

ಬರೆದಳು. ಕಾಗದ ಮೇಲಿನವರಿಗೆ ಹೋಗುತ್ತದೆ, ಏನಾಗುತ್ತದೆಂದು ತನಗೂ ಗೊತ್ತಿಲ್ಲ ಎಂದಳು. ಈ ಸಲ ಭುಜ ಮುಟ್ಟಲಿಲ್ಲ.

ಜೂನ್ ೮, ಶನಿವಾರ

ಊರಿಗೆಲ್ಲ ಗೊತ್ತಾಗಿದೆ. ಬ್ರೆಡ್ ತರಲು ಹೋದರೆ ಅಂಗಡಿಯಲ್ಲಿ ಮಾತು ನಿಂತಿತು. ಮಿಸೆಸ್ ಟುಲಕ್ ಬೇಲಿಯ ಆ ಕಡೆಯಿಂದ ನೋಡಿ, ಒಗೆದ ಬಟ್ಟೆ ಅರ್ಧ ಹರವಿದ್ದನ್ನು ಹಾಗೇ ಬಿಟ್ಟು ಒಳಗೆ ಹೋದಳು.

ಇಶ್‌ಬೆಲ್‌ಳ ಪುಸ್ತಕ ತೆಗೆದು ಕೂತಿದ್ದೆ. ಪ್ರತಿ ಬೆಟ್ಟದ ಮುಂದೆ ಒಂದೆರಡು ಸಾಲು ಬರೆದಿದ್ದಾಳೆ. "ನರಿ ನೋಡಿದೆ." "ಕೈ ಮರಗಟ್ಟಿತು, ಆದರೂ ಹಾಡುತ್ತಾ ಇಳಿದೆ." "ಮೇಲಿನಿಂದ ನಮ್ಮ ಕಾರು ಕಂಡಿತು, ಅಲಿಕ್‌ಗೆ ಕೈ ಬೀಸಿದೆ, ಪತ್ರಿಕೆ ಓದುತ್ತಿದ್ದ." ಒಂದು ಕಡೆಯೂ ವೇಳೆ ಬರೆದಿಲ್ಲ. ಇಡೀ ದಿನ ಓದಿದೆ. ಇನ್ನೂ ಅರವತ್ತು ಬೆಟ್ಟ ಉಳಿದಿವೆ ಓದಲು.

ಜೂನ್ ೧೦, ಸೋಮವಾರ

ಅಕ್ಟೋಬರಿನ ನಂತರ ಮೊದಲ ಸಲ ಬಸ್ಸಿಗೆ ವಾಪಸ್. ಪೊಲೀಸರಿಂದ ಕಾಗದ ಬರುವವರೆಗೆ ಓಡಿಸು ಎಂದಿದ್ದಾರೆ. ಬೇರೆ ಡ್ರೈವರು ಸಿಕ್ಕಿಲ್ಲವಂತೆ.

ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಹೋಗುವಾಗ ಶೆಡ್ಡು ಮುಚ್ಚಿತ್ತು.

ಜೂನ್ ೧೯, ಬುಧವಾರ

ಬೆಳಿಗ್ಗೆ ಬಿಸಿಲು. ಸ್ಟೇಷನ್ನಿನ ಹಿಂದೆ ಹುಡುಗಿಯರಿಬ್ಬರು ಹತ್ತುವ ಸ್ಟಾಪ್ ಇದೆ, ಶೆಡ್ಡಿಗೆ ಎದುರು.

ಬಾಗಿಲು ತೆರೆದಿತ್ತು. ಸೈಕಲ್ಲುಗಳನ್ನೆಲ್ಲ ಹೊರಗೆ ಸಾಲಾಗಿ ನಿಲ್ಲಿಸಿ ತೊಳೆದಾಗಿತ್ತು, ನೆಲ ಇನ್ನೂ ಒದ್ದೆಯಿತ್ತು. ಫಾರ್ಕರ್ ಏಪ್ರನ್ ಕಟ್ಟಿಕೊಂಡು ಒಂದು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಬಗ್ಗಿ ಏನೋ ಬಿಗಿಯುತ್ತಿದ್ದ. ಬಸ್ಸಿನ ಶಬ್ದಕ್ಕೆ ತಲೆಯೆತ್ತಿದ. ನಾನೆಂದು ಗೊತ್ತಾಯಿತು. ಕೈ ಎತ್ತೋಣ ಎಂದುಕೊಂಡೆ, ಸ್ಟೀರಿಂಗ್ ಬಿಡಲಿಲ್ಲ. ಅವನು ಸೈಕಲ್ಲಿನ ಆ ಬದಿಗೆ ಹೋಗಿ ನನಗೆ ಬೆನ್ನು ಮಾಡಿ ನಿಂತ.

"ಡ್ರೈವರೇ, ನಿದ್ದೆ ಬಂತಾ?" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಗೇರ್ ಹಾಕಿದೆ.

ಪಕ್ಕದ ಕನ್ನಡಿಯಲ್ಲಿ, ತಿರುವಿನವರೆಗೂ ಅವನು ಕಾಣುತ್ತಿದ್ದ. ಚಕ್ರವನ್ನು ಜೋರಾಗಿ ತಿರುಗಿಸುತ್ತಿದ್ದ, ಬ್ರೇಕು ಹಿಡಿದು ನಿಲ್ಲಿಸುತ್ತಿದ್ದ. ತಿರುಗಿಸುತ್ತಿದ್ದ, ನಿಲ್ಲಿಸುತ್ತಿದ್ದ.